ಜಾಣ ಮಗು ಶಾಲೆಯಲ್ಲಿ ಯಾಕೆ ಹಿಂದೆ ಬೀಳುತ್ತದೆ?

1904ರಲ್ಲಿ ಕುಂಭಕೋಣದ ಟೌನ್ ಹೈಸ್ಕೂಲು ಗಣಿತದ ಬಹುಮಾನ ಕೊಟ್ಟು ಬೀಳ್ಕೊಟ್ಟ ಹುಡುಗ, ಅದೇ ಊರಿನ ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್‌ನಲ್ಲಿ ನಪಾಸಾಗಿ ವಿದ್ಯಾರ್ಥಿವೇತನ ಕಳೆದುಕೊಂಡ. ಆಮೇಲೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದ. ಅಲ್ಲಿ ಗಣಿತ ಬಿಟ್ಟು ಉಳಿದ ವಿಷಯಗಳು, ಅದರಲ್ಲೂ ಶರೀರಶಾಸ್ತ್ರ, ಕೈಹತ್ತಲಿಲ್ಲ. ಎಫ್‌ಎ (ಫಸ್ಟ್ ಆರ್ಟ್ಸ್) ಪರೀಕ್ಷೆಯಲ್ಲಿ 1906ರಲ್ಲೂ ಫೇಲು, ಮರುವರ್ಷವೂ ಫೇಲು. ಆ ಶ್ರೀನಿವಾಸ ರಾಮಾನುಜನ್ 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಈ ಕಥೆ ಹೇಳುವಾಗ ಒಂದು ಸಂಗತಿ ಬಿಟ್ಟುಹೋಗುತ್ತದೆ. ಹದಿನಾರರವರೆಗೆ ರಾಮಾನುಜನ್ ಶಾಲೆ ಮೆಚ್ಚಿದ ವಿದ್ಯಾರ್ಥಿ; 1897ರ ಪ್ರಾಥಮಿಕ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲಿಗ. ಜಿ. ಎಸ್. ಕಾರ್ ಬರೆದ, ಸಾವಿರಾರು ಸೂತ್ರಗಳ ಗಣಿತ ಪುಸ್ತಕವೊಂದು ಕೈಸೇರಿದ ಮೇಲೆ ಮನಸ್ಸು ಪೂರ್ತಿ ಅತ್ತ ಹೊರಳಿತು. ಎಲ್ಲ ವಿಷಯಗಳಲ್ಲೂ ಪಾಸಾದವನಿಗೇ ಮುಂದಿನ ಬಾಗಿಲು ತೆರೆಯುವ ವ್ಯವಸ್ಥೆಯಲ್ಲಿ ಅಂಥ ಹುಡುಗನಿಗೆ ಜಾಗವಿರಲಿಲ್ಲ.

ತಪ್ಪು ಕಲ್ಪನೆ: ಐನ್‌ಸ್ಟೈನ್ ಕೂಡ ಗಣಿತದಲ್ಲಿ ಫೇಲಾಗಿದ್ದರು.

ಇಲ್ಲ. ಹದಿನೈದು ತುಂಬುವ ಮೊದಲೇ ಅವರು ಕಲನಶಾಸ್ತ್ರ ಕಲಿತಿದ್ದರು. 1895ರಲ್ಲಿ ಜೂರಿಕ್ ಪಾಲಿಟೆಕ್ನಿಕ್‌ನ ಪ್ರವೇಶ ಪರೀಕ್ಷೆಗೆ ಕೂತಾಗ ನಿಗದಿತ ವಯಸ್ಸಿಗಿಂತ ಎರಡು ವರ್ಷ ಚಿಕ್ಕವರು. ಗಣಿತ, ಭೌತಶಾಸ್ತ್ರ ಚೆನ್ನಾಗಿಯೇ ಆಗಿತ್ತು, ಸಾಮಾನ್ಯ ವಿಷಯಗಳು ಕೈಕೊಟ್ಟವು. ಆರಾವ್ ಊರಿನ ಶಾಲೆಯಲ್ಲಿ ಓದಿ ಮರುವರ್ಷ ಸೇರಿಕೊಂಡರು. ಈ ಸುಳ್ಳು ನಿರಪಾಯವೆಂದು ನನಗನ್ನಿಸುವುದಿಲ್ಲ. ಕಷ್ಟಪಡುತ್ತಿರುವ ಮಗುವಿನ ಮನೆಯವರು ಅದನ್ನು ನಂಬಿ, ಕಾರಣ ಹುಡುಕುವುದನ್ನೇ ಬಿಟ್ಟು ಕಾಯುತ್ತಾ ಕೂರುತ್ತಾರೆ.

ತಪ್ಪು ಕಲ್ಪನೆ: ಜಾಣ ಮಗು ಹೇಗಾದರೂ ಮುಂದೆ ಬರುತ್ತದೆ, ಬರಲಿಲ್ಲವೆಂದರೆ ಅದು ಸೋಮಾರಿತನ.

ಅತಿ ಹೆಚ್ಚು ಹಾನಿ ಮಾಡುವ ನಂಬಿಕೆ ಇದೇ. ಪ್ರತಿಭಾವಂತ ಮಕ್ಕಳ ಅಧ್ಯಯನದಲ್ಲಿ ಮೊದಲಿಗರಲ್ಲಿ ಒಬ್ಬರಾದ ಅಮೆರಿಕದ ಮನೋವಿಜ್ಞಾನಿ ಲೀಟಾ ಹಾಲಿಂಗ್‌ವರ್ತ್, 140ರ ಬುದ್ಧ್ಯಂಕದ ಮಗು ಸಾಮಾನ್ಯ ತರಗತಿಯಲ್ಲಿ ಅರ್ಧದಷ್ಟು ಸಮಯವನ್ನು ವ್ಯರ್ಥವಾಗಿ ಕಳೆಯುತ್ತದೆ ಎಂದು ಬರೆದಿದ್ದರು. ಒಮ್ಮೆ ಕೇಳಿದ್ದು ತಲೆಗೆ ಹೋದರೆ ಟಿಪ್ಪಣಿ ಯಾಕೆ, ಮರು ಓದು ಯಾಕೆ? ಹೀಗೆ ಆರೇಳು ವರ್ಷ ಕಳೆದ ಮಗುವಿಗೆ ಕೂತು ಓದುವುದೇ ಗೊತ್ತಿರುವುದಿಲ್ಲ. ಎಂಟನೆಯ ತರಗತಿಯ ಬೀಜಗಣಿತದಲ್ಲಿ ಮೊದಲ ಸಲ ತಡವರಿಸಿದಾಗ, “ನಾನು ಜಾಣನೇ ಅಲ್ಲವೇನೋ” ಎಂಬ ಭಯ ಹುಟ್ಟುತ್ತದೆ. ಪ್ರಯತ್ನಪಟ್ಟು ಸೋಲುವುದಕ್ಕಿಂತ ಪುಸ್ತಕ ಮುಟ್ಟದೆ ಕಡಿಮೆ ಅಂಕ ತೆಗೆಯುವುದು ಆ ಮಗುವಿಗೆ ಸುರಕ್ಷಿತ. ಹೊರಗಿನವರಿಗೆ ಕಾಣುವುದು ಸೋಮಾರಿತನ ಮಾತ್ರ.

ನಮ್ಮ ಹೊಗಳಿಕೆಯೂ ಇದಕ್ಕೆ ನೀರೆರೆಯುತ್ತದೆ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದನೆಯ ತರಗತಿಯ ಕೆಲವು ಮಕ್ಕಳ ಬುದ್ಧಿಯನ್ನೂ ಕೆಲವರ ಪರಿಶ್ರಮವನ್ನೂ ಮೆಚ್ಚಲಾಯಿತು. ಬುದ್ಧಿಯ ಹೊಗಳಿಕೆ ಕೇಳಿದವರು ಹೆಚ್ಚಾಗಿ ಸುಲಭದ ಕೆಲಸವನ್ನೇ ಆರಿಸಿಕೊಂಡರು. ಒಮ್ಮೆ ಸೋತ ಮೇಲೆ ಮೊದಲಿಗಿಂತ ಕೆಟ್ಟದಾಗಿ ಮಾಡಿದರು.

ತಪ್ಪು ಕಲ್ಪನೆ: ಪ್ರತಿಭೆ ಇದ್ದರೆ ಪರೀಕ್ಷೆಯಲ್ಲಿ ಗೊತ್ತಾಗಿಯೇ ಆಗುತ್ತದೆ.

ಮನೋವಿಜ್ಞಾನಿ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ, ಪ್ರತಿಭಾವಂತ ಮಕ್ಕಳ ಪ್ರಸಿದ್ಧ ಅಧ್ಯಯನಕ್ಕೆ ಬುದ್ಧ್ಯಂಕ ಸಾಲದೆಂದು ಇಬ್ಬರು ಹುಡುಗರು ಆಯ್ಕೆಯಾಗಲಿಲ್ಲ: ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಜ್. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು.

ತಪ್ಪು ಕಲ್ಪನೆ: ಓದಲು ತಡವರಿಸುವವನು ಜಾಣನಾಗಿರಲಾರ.

ಓದು-ಬರಹದ ತೊಡಕಾದ ಡಿಸ್‌ಲೆಕ್ಸಿಯಾಗೂ ಬುದ್ಧಿಶಕ್ತಿಗೂ ಅಂಥ ನಂಟಿಲ್ಲ. ಬಾಯಲ್ಲಿ ಸೌರವ್ಯೂಹವನ್ನೇ ವಿವರಿಸುವ ಮಗು ಬರೆಯಲು ಕೂತಾಗ ಒತ್ತಕ್ಷರ, ದೀರ್ಘಗಳಲ್ಲಿ ಎಡವಬಹುದು. ಬುದ್ಧಿ ಕುಂದನ್ನು ಮರೆಮಾಡುತ್ತದೆ, ಕುಂದು ಬುದ್ಧಿಯನ್ನು. ಕೊನೆಗೆ ಅಂಕಪಟ್ಟಿಯಲ್ಲಿ ಸಾಧಾರಣ ಮಗುವೊಂದು ಕಾಣುತ್ತದೆ, ಯಾರ ಗಮನಕ್ಕೂ ಬೀಳದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕಾ ನ್ಯೂನತೆಯನ್ನು ಗುರುತಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತಪಾಸಣೆ ಆಗುತ್ತದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳಬಹುದು. ಹತ್ತನೆಯ ತರಗತಿಯವರೆಗೆ ಕಾಯದೆ, ಅನುಮಾನ ಬಂದ ವರ್ಷವೇ ತೋರಿಸಿ.

ತಪ್ಪು ಕಲ್ಪನೆ: ವಯಸ್ಸಿಗೆ ಮೀರಿ ಮುಂದಕ್ಕೆ ಕಳಿಸಿದರೆ ಮಗು ಕೆಡುತ್ತದೆ.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಆರಂಭಿಸಿದ, ಗಣಿತ ಪ್ರತಿಭೆಯ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ ಈ ಭಯವನ್ನು ಎತ್ತಿಹಿಡಿಯಲಿಲ್ಲ. ಹಾಗೆಂದು ಇಡೀ ತರಗತಿ ದಾಟಿಸಲೇಬೇಕೆಂದಿಲ್ಲ. ಐದನೆಯ ತರಗತಿಯ ಹುಡುಗಿ ಗಣಿತಕ್ಕೆ ಮಾತ್ರ ಏಳನೆಯ ತರಗತಿಯಲ್ಲಿ ಕೂರಬಹುದು. ಎರಡೂ ಕಡೆ ಗಣಿತದ ಪೀರಿಯಡ್ ಒಂದೇ ಹೊತ್ತಿಗೆ ಬಂದರೆ ಸಾಕು. ನಮ್ಮ ಸರ್ಕಾರಿ ಶಾಲೆಗಳಿಗೆ ಇದು ಹೊಸತೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಪುಟ್ಟ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಏಣಿಯನ್ನು ತಂತಮ್ಮ ವೇಗದಲ್ಲಿ ಹತ್ತುತ್ತಾರೆ. ಆ ಸ್ವಾತಂತ್ರ್ಯ ನಾಲ್ಕನೆಯ ತರಗತಿಗೆ ಬಂದೊಡನೆ ಯಾಕೆ ನಿಲ್ಲಬೇಕು ಎಂದು ಪೋಷಕರ ಸಭೆಯಲ್ಲಿ ಕೇಳಬಹುದು.