ಬಾಯಿಪಾಠದಿಂದ ಓಲೆಗರಿಗೆ: ಬುದ್ಧವಚನ ಉಳಿದು ಬಂದ ಬಗೆ

ಬಿಳಿಚೋಡು ಸೀಮೆಯ ಓದುಗರಿಗೆ ಮೊಳಕಾಲ್ಮೂರು ಹೊಸ ಹೆಸರೇನಲ್ಲ. 1997ರವರೆಗೆ ಜಗಳೂರು ತಾಲ್ಲೂಕೂ ಅದೇ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಬಂಡೆಶಾಸನವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಂದೆತಾಯಿಯರ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಸಾರ. ಬರೆದವನ ಹೆಸರೂ ಕೊನೆಯಲ್ಲಿದೆ: ಲಿಪಿಕಾರ ಚಪಡ.

ಹಾಗಾದರೆ ಬುದ್ಧನ ಉಪದೇಶವೂ ಆಗಲೇ ಗ್ರಂಥರೂಪದಲ್ಲಿತ್ತೇ ಎಂದು ನೀವು ಕೇಳಬಹುದು. ರಾಜಸ್ಥಾನದ ಬೈರಾಟದಲ್ಲಿ ಸಿಕ್ಕ ಅಶೋಕನ ಇನ್ನೊಂದು ಶಾಸನ ಏಳು ಧರ್ಮಪಾಠಗಳನ್ನು ಹೆಸರಿಸುತ್ತದೆ. ಅವುಗಳನ್ನು ಓದಿರಿ ಎಂದಲ್ಲ, ಮತ್ತೆ ಮತ್ತೆ ಕೇಳಿ ಮನನ ಮಾಡಿರಿ ಎನ್ನುತ್ತದೆ. ಆಗ ಗ್ರಂಥವೆಂದರೆ ಕಂಠಪಾಠ.

ಬುದ್ಧನ ಪರಿನಿರ್ವಾಣದ ನಂತರ ರಾಜಗೃಹದಲ್ಲಿ ಭಿಕ್ಷುಗಳು ಸಭೆ ಸೇರಿದರೆಂದೂ, ಆನಂದನು ಸುತ್ತಗಳನ್ನು, ಉಪಾಲಿಯು ವಿನಯದ ನಿಯಮಗಳನ್ನು ಹೇಳಿದರೆಂದೂ ಪರಂಪರೆಯ ಮಾತು. ಮುಂದೆ 'ಭಾಣಕ'ರೆಂಬ ಭಿಕ್ಷುಗಳು ಒಂದೊಂದು ಭಾಗವನ್ನು ಹಂಚಿಕೊಂಡು ಒಪ್ಪಿಸುತ್ತಿದ್ದರು. ಗುಂಪಾಗಿ ಪಠಿಸುವಾಗ ಒಬ್ಬ ತಪ್ಪಿದರೆ ಉಳಿದವರು ತಿದ್ದಬಹುದಿತ್ತು.

ಆದರೆ ಭಾಣಕರೇ ಇಲ್ಲವಾದರೆ? ಒಂದು ಕಾಲದಲ್ಲಿ 'ಮಹಾನಿದ್ದೇಸ' ಒಬ್ಬನೇ ಭಿಕ್ಷುವಿಗೆ ಬರುತ್ತಿತ್ತಂತೆ, ಅವನೋ ನಡತೆಗೆಟ್ಟವನು. ಆದರೂ ಪಾಠ ನಶಿಸಬಾರದೆಂದು ಹಿರಿಯ ಸ್ಥವಿರರೊಬ್ಬರು ಒಲ್ಲದ ಮನಸ್ಸಿನಿಂದ ಅವನ ಬಳಿಯೇ ಕಲಿತರೆಂದು ಪಾಲಿ ಅಟ್ಠಕಥೆ ತಿಳಿಸುತ್ತದೆ. ಕ್ರಿ.ಪೂ. 1ನೇ ಶತಮಾನದಲ್ಲಿ ಕ್ಷಾಮ, ಯುದ್ಧಗಳಿಂದ ನಲುಗಿದ ಶ್ರೀಲಂಕಾದಲ್ಲಿ ತ್ರಿಪಿಟಕವನ್ನು ಬರಹಕ್ಕಿಳಿಸಲಾಯಿತು. ಅಲುವಿಹಾರವೇ ಆ ಸ್ಥಳವೆಂದು ಅಲ್ಲಿಯವರು ನಂಬುತ್ತಾರೆ.

ಭಾರತದಲ್ಲಿ ಮಹಾವಿಹಾರಗಳು ಅಳಿದಾಗ ಎಷ್ಟೋ ಸಂಸ್ಕೃತ ಬೌದ್ಧ ಗ್ರಂಥಗಳು ಕಳೆದುಹೋದವು. ಅವುಗಳಲ್ಲಿ ಅನೇಕವು ಟಿಬೆಟಿ, ಚೀನೀ ಅನುವಾದಗಳಲ್ಲಿ ಮಾತ್ರ ಬದುಕಿವೆ. 1959ರ ನಂತರ ಟಿಬೆಟ್ಟಿನಿಂದ ಬಂದ ಭಿಕ್ಷುಗಳು ಆ ವಿದ್ಯೆಯನ್ನು ನಮ್ಮ ನಾಡಿಗೇ ತಂದರು. ಬೈಲುಕುಪ್ಪೆಯ ಸೆರಾ, ಮುಂಡಗೋಡಿನ ಗಾಂದೆನ್ ಮತ್ತು ದ್ರೆಪುಂಗ್ ಮಠಗಳಲ್ಲಿ ಇಂದಿಗೂ ಬಾಯಿಪಾಠವೂ ಉಂಟು, ಪುಸ್ತಕವೂ ಉಂಟು.

ಬಂಡೆಯ ಬರಹ ತಾನೇ ಉಳಿದೀತು. ಓಲೆ ಹಾಗಲ್ಲ, ಹುಳು ಹಿಡಿಯುವ ಮುನ್ನ ಯಾರಾದರೂ ಪ್ರತಿ ಮಾಡಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಓಲೆಗರಿಯ ಕಟ್ಟಿದ್ದರೆ ಪೂಜೆ ಮಾಡಿ ಹೊಳೆಗೆ ಬಿಡಬೇಡಿ. ಮೊದಲು ಬಲ್ಲವರಿಗೆ ತೋರಿಸಿ. ಅದರಲ್ಲಿರುವುದು ಬೇರೆಲ್ಲೂ ಉಳಿಯದ ಪಾಠವಾಗಿರಬಹುದು.