ಕಾಲುವೆಯ ಮೇಲಿನ ವೀರಗಲ್ಲು, ಊರು ನೋಡಲು ಬರುವ ಬೈಸಿಕಲ್ಲಿನವರು



ಈ ದಿನ ಗೊಬ್ಬರದ ಮಾತಿಲ್ಲ, ಬಿತ್ತನೆಬೀಜದ ಮಾತೂ ಇಲ್ಲ. ನಮ್ಮ ಹಳ್ಳಿಗಳನ್ನು ನೋಡುವುದಕ್ಕೆ ನಡೆದುಕೊಂಡೋ ಬೈಸಿಕಲ್ಲು ತುಳಿದುಕೊಂಡೋ ಬರತಕ್ಕವರ ವಿಷಯ. ಇದು ಬೇಸಾಯಗಾರನಿಗೆ ಯಾಕೆ ಅಂತೀರಾ? ಕೇಳಿ.

ಕಾರ್ತೀಕ ಮಾಸದಲ್ಲಿ ಹುಣಸೂರು ಕಡೆಯ ಒಂದು ಹಳ್ಳಿಯಲ್ಲಿ ರಾಗಿಯ ಪ್ರಾತ್ಯಕ್ಷಿಕೆ ತಾಕು ನೋಡುತ್ತ ನಿಂತಿದ್ದೆ. ಮೈಸೂರಿನಿಂದ ನಾಲ್ಕು ಜನ ಹುಡುಗರು ಬೈಸಿಕಲ್ಲಿನಲ್ಲಿ ಬಂದರು. ಬೆವರು ಒರೆಸಿಕೊಂಡು, "ಈ ಊರಲ್ಲಿ ನೋಡೋದಕ್ಕೆ ಏನಿದೆ, ಯಜಮಾನರೆ?" ಎಂದು ಹೊಲದೊಡೆಯನನ್ನು ಕೇಳಿದರು. ಆತ, "ಇಲ್ಲೇನೈತೆ ನೋಡಕ್ಕೆ? ಬೈಲುಕುಪ್ಪೆಗೆ ಹೋಗಿ, ಚಿನ್ನದ ದೇವಸ್ಥಾನ ಐತೆ" ಅಂದ. ಹುಡುಗರು ಮಜ್ಜಿಗೆ ಕುಡಿದು ಹೊರಟುಹೋದರು. ಆತ ಆ ಮಾತು ಹೇಳಿದಾಗ ನಿಂತಿದ್ದದ್ದು ಕಾಲುವೆಗೆ ಅಡ್ಡ ಹಾಕಿದ್ದ ಒಂದು ಕಲ್ಲುಚಪ್ಪಡಿಯ ಮೇಲೆ. ನಾನೂ ಎರಡು ವರ್ಷ ಅದೇ ಕಲ್ಲನ್ನು ತುಳಿದುಕೊಂಡು ದಾಟಿದವನೇ.

ಕಾಲುವೆಯ ನೀರು ನಿಂತ ಮೇಲೆ ಹೂಳು ತೆಗೆಯಲು ಇಳಿದ ಒಬ್ಬ ಹುಡುಗ, "ಸಾರ್, ಕಲ್ಲಿನ ಹೊಟ್ಟೇಲಿ ಕುದುರೆ ಐತೆ" ಎಂದು ಕೂಗಿದ. ಬಗ್ಗಿ ನೋಡಿದರೆ ಕುದುರೆ, ಕತ್ತಿ ಹಿಡಿದ ಆಳು, ಅವನ ಕಾಲಬಳಿ ದನಗಳು. ಹಾರೆ ಹಗ್ಗ ತಂದು ಹನ್ನೆರಡು ಜನ ಸೇರಿ ಅದನ್ನು ಮಗುಚಿ ಬದುವಿನ ಮೇಲೆ ನಿಲ್ಲಿಸಿದರು. ಅವಸರದಲ್ಲಿ ಹಾರೆ ತಗುಲಿ ಒಂದು ಮೂಲೆ ಸೀಳಿತು. ಮೊದಲು ಬರೆದು ಕೇಳಬೇಕಾಗಿತ್ತು, ನಾನು ಕೇಳಲಿಲ್ಲ, ಆ ತಪ್ಪು ನನ್ನದು. ಆದರೆ ಇನ್ನು ಹದಿನೈದು ದಿನದಲ್ಲಿ ಆ ಕಾಲುವೆಗೆ ಸಿಮೆಂಟು ಹಾಕತಕ್ಕದ್ದಿತ್ತು. ಹಳೆಯ ಚಪ್ಪಡಿಗಳನ್ನೆಲ್ಲ ಒಡೆದು ಜಲ್ಲಿ ಮಾಡುವುದೆಂದು ಮಾತಾಗಿತ್ತು.

ಕಲ್ಲು ಎದ್ದು ನಿಂತಾಗ ಊರಿನ ಒಬ್ಬ ಅಜ್ಜಿ ಬಂದು ನೋಡಿ, "ನಮ್ಮತ್ತೆ ಹೇಳೋರು ಕಣಪ್ಪ, ಕಾಲುವೆ ಹತ್ರ ಒಬ್ಬ ವೀರಪ್ಪ ಅವ್ನೆ, ದನ ಹೊಡ್ಕೊಂಡು ಹೋಗೋರ ಕೈಲಿ ಸತ್ತೋನು ಅಂತ. ಎಲ್ಲವ್ನೆ ಅಂತ ನಾನ್ಯಾವತ್ತೂ ಕೇಳ್ಲಿಲ್ಲ" ಅಂದಳು.

ಅಜ್ಜಿಯ ಅತ್ತೆ ಹೇಳಿದ್ದು ಸರಿಯಾಗಿಯೇ ಇತ್ತು. ಕೃಷಿ ಡಿಪ್ಲೊಮಾ ಮಾಡಿದ ನನಗೆ ಕಲ್ಲಿನ ಓದು ಬಾರದು. ತಿಳಿದವರಿಂದ ಕೇಳಿಕೊಂಡದ್ದನ್ನು ಹೇಳುತ್ತೇನೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ದೇವಕನ್ಯೆಯರು ಎತ್ತಿಕೊಂಡು ಹೋಗುವುದು. ಮೇಲೆ ಅವನು ಶಿವಲಿಂಗದ ಮುಂದೆಯೋ ಬೇರೆ ದೇವರ ಮುಂದೆಯೋ ಕೂತಿರುವುದು. ತುದಿಯ ಸೂರ್ಯಚಂದ್ರರೆಂದರೆ, ಅವರಿರುವವರೆಗೂ ಈ ಹೆಸರು ಇರಲಿ ಎಂದು. ಕೆಳಗೆ ದನಗಳಿದ್ದರೆ ಅದು ತುರುಗಾಳಗ, ಅಂದರೆ ಊರ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲು. ಮಡಿದವರು ಎಲ್ಲರೂ ರಾಜರಲ್ಲ. ನಮ್ಮ ನಿಮ್ಮಂಥ ದನಕರು ಕಟ್ಟಿದವರೂ ಇದ್ದರು. ಬಳೆ ತೊಟ್ಟ ಕೈಯೊಂದು ಕಂಬದಿಂದ ಹೊರಟು ಮೇಲಕ್ಕೆ ಎತ್ತಿದಂತಿದ್ದರೆ ಅದು ಮಾಸ್ತಿಕಲ್ಲು, ಗಂಡನ ಹಿಂದೆ ಬೆಂಕಿಗೆ ಬಿದ್ದವಳದು.

ಹಳೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ನೇ ಇಸವಿಯ ಒಂದು ಶಾಸನವುಂಟು. ನುಗುನಾಡಿನ ಒಡೆಯನ ಮಗಳು ದೇಕಬ್ಬೆ. ಅವಳ ಗಂಡ ಏಚ ತನ್ನ ದಾಯಾದಿಯನ್ನು ಕೊಂದದ್ದಕ್ಕಾಗಿ ತಲಕಾಡಿನಲ್ಲಿ ಅವನಿಗೆ ಮರಣದಂಡನೆಯಾಯಿತು. ಸುದ್ದಿ ತಿಳಿದ ದೇಕಬ್ಬೆ, ಹೆತ್ತವರು ಬೇಡವೆಂದು ಎಷ್ಟು ಬೇಡಿಕೊಂಡರೂ ಕೇಳದೆ ಬೆಂಕಿ ಹೊಕ್ಕಳು. ಅದು ನಡೆಯಬಾರದಿದ್ದ ಕೆಲಸ, ಅದನ್ನು ಹೊಗಳಲು ನಾನು ಇದನ್ನು ಹೇಳುತ್ತಿಲ್ಲ. ಆದರೆ ಆ ತಾಯಿತಂದೆಯರ ಸಂಕಟ ಪದ್ಯವಾಗಿ ಕಲ್ಲಿನ ಮೇಲೆ ಉಳಿದಿರುವುದರಿಂದ ಕನ್ನಡ ಓದುವ ಹುಡುಗರೆಲ್ಲ ಬೆಳತೂರಿನ ಹೆಸರು ಬಲ್ಲರು. ಆ ಕಲ್ಲನ್ನು ಯಾರಾದರೂ ಬಟ್ಟೆ ಒಗೆಯಲು ಹಾಕಿಕೊಂಡಿದ್ದರೆ? ಬಿ. ಎಲ್. ರೈಸ್ ಎಂಬ ಅಧಿಕಾರಿ 1898ರಲ್ಲಿ ಅಚ್ಚು ಮಾಡಿಸಿದ ಶಾಸನಗಳ ಸಂಪುಟದಲ್ಲಿ ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಲ್ಬರಹಗಳು ಸೇರಿವೆ. ಅಂದು ಲೆಕ್ಕಕ್ಕೆ ಸಿಗದೆ ಬದುವಿನಲ್ಲಿ ಮಲಗಿದವನ್ನು ಇಂದು ನೋಡಿಕೊಳ್ಳತಕ್ಕವರು ಹೊಲದೊಡೆಯರೇ.

ಇನ್ನು ನೋಡತಕ್ಕ ಜಾಗಗಳು. ಬೈಸಿಕಲ್ಲಿನವರಿಗೆ ನಾನು ಮೊದಲು ಹೇಳುವುದು ಕೃಷ್ಣರಾಜನಗರದ ದಾರಿ. ಮೈಸೂರಿನಿಂದ ಅರಸೀಕೆರೆ ಕಡೆಯ ರೈಲಿನಲ್ಲಿ ಬಂದು ಇಳಿಯಬಹುದು. ಪಕ್ಕದಲ್ಲೇ ಕಾವೇರಿಯ ಎಡದಂಡೆಯ ಹಳೆಯ ಎಡತೊರೆ, ಅಲ್ಲಿ ಅರ್ಕೇಶ್ವರನ ಗುಡಿ. 1924ರ ದೊಡ್ಡ ನೆರೆಯ ನಂತರ ಎತ್ತರದ ಜಾಗದಲ್ಲಿ ಹೊಸ ಪಟ್ಟಣ ಬೆಳೆದು, ಕೃಷ್ಣರಾಜ ಒಡೆಯರ ಹೆಸರು ಪಡೆಯಿತು. ಅಲ್ಲಿಂದ ಭತ್ತದ ಗದ್ದೆಗಳ ನಡುವೆ ಹದಿನೈದು ಕಿಲೋಮೀಟರು ಆಸುಪಾಸು ತುಳಿದರೆ ಚುಂಚನಕಟ್ಟೆ. ಕಾವೇರಿ ಸುಮಾರು 60 ಅಡಿ ಧುಮುಕುತ್ತಾಳೆ. ಮಳೆಗಾಲದಲ್ಲಿ ಅಬ್ಬರ, ಬೇಸಿಗೆಯಲ್ಲಿ ಬರೀ ಬಂಡೆ. ಕೋದಂಡರಾಮನ ಗುಡಿಯಲ್ಲಿ ಸೀತಮ್ಮ ರಾಮನ ಬಲಗಡೆ ನಿಂತಿರುವುದನ್ನು ಗಮನಿಸಿ. ಸಂಕ್ರಾಂತಿಯ ಕಾಲದ ದನಗಳ ಜಾತ್ರೆ ನಿಮಗೆ ಹೊಸದಲ್ಲ, ಪೇಟೆಯವರಿಗೆ ಅದೇ ದೊಡ್ಡ ನೋಟ. ಕಾಲಲ್ಲಿ ಕಸುವಿದ್ದರೆ ಸಾಲಿಗ್ರಾಮದ ಕಡೆ ಹೋಗಿ ಚಿಕ್ಕಹನಸೋಗೆಯ ತ್ರಿಕೂಟ ಬಸದಿ ನೋಡಬಹುದು. ಒಂದು ಕಾಲಕ್ಕೆ ಹನಸೋಗೆ ಜೈನ ಗುರುಗಳ ಹೆಸರಾದ ನೆಲೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ನಡೆಯುವವರ ಜಾಗ. ಬೆಟ್ಟದ ತುದಿ ಸಮುದ್ರಮಟ್ಟದಿಂದ 4,300 ಅಡಿಗೂ ಮೇಲೆ, ಮೆಟ್ಟಿಲು ಮೂರು ಸಾವಿರಕ್ಕೂ ಹೆಚ್ಚು. ಮೇಲೆ ಸಿಡಿಲು ಮಲ್ಲಿಕಾರ್ಜುನ. ಒಂಟಿ ಬೆಟ್ಟವಾದ್ದರಿಂದ ಸಿಡಿಲು ಬಡಿಯುವುದು ಅಲ್ಲಿಗೇ, ದೇವರಿಗೆ ಆ ಹೆಸರು. ಮುಂಗಾರಿನ ಮೊದಲ ಗುಡುಗಿನ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಯಾರನ್ನೂ ಹತ್ತಲು ಬಿಡಬೇಡಿ. ಇದು ಚಂಗಾಳ್ವ ಅರಸರು ಆಳಿದ ಸೀಮೆ. ಹುಣಸೂರು ತಾಲ್ಲೂಕಿನಲ್ಲಿ ಬಿಳಿಕೆರೆಯ ಕಡೆಗೆ ಗೊಮ್ಮಟಗಿರಿ ಇದೆ. ಮೂರ್ತಿ ಶ್ರವಣಬೆಳಗೊಳದಷ್ಟು ದೊಡ್ಡದಲ್ಲ, ಆದರೆ ಬಂಡೆ ಸಣ್ಣದು, ಮುದುಕರೂ ಹತ್ತಬಹುದು, ಮಸ್ತಕಾಭಿಷೇಕವೂ ಪ್ರತಿವರ್ಷ.

ಬೈಲುಕುಪ್ಪೆಯ ಟಿಬೆಟ್ಟಿನವರು 1960ರ ದಶಕದ ಮೊದಲಲ್ಲಿ ಕಾಡು ಕಡಿದು ಮುಸುಕಿನಜೋಳ ಬೆಳೆದವರು, ಅವರೂ ರೈತರೇ. ಚಿನ್ನದ ದೇಗುಲ ತೆರೆದದ್ದು 1999ರಲ್ಲಿ. ಅದನ್ನು ನೋಡಲು ಮೈಸೂರಿನಿಂದ ಹೋಗುವ ಕಾರುಗಳು ಹುಣಸೂರು, ಪಿರಿಯಾಪಟ್ಟಣ ದಾಟಿ ಓಡುತ್ತವೆ. ಕಾರಿನವರು ನಮ್ಮಲ್ಲಿ ನಿಲ್ಲುವುದು ಕಡಿಮೆ. ನಡೆಯುವವನೂ ತುಳಿಯುವವನೂ ನಿಲ್ಲಲೇಬೇಕು, ಅವನಿಗೆ ನೀರು ಬೇಕು, ನೆರಳು ಬೇಕು, ಹೊಟ್ಟೆಗೂ ಬೇಕು.

ಹೆಗ್ಗಡದೇವನಕೋಟೆಯ ಮಾತು ಬೇರೆ. ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಗಿತ್ತು, ಕೊನೆಯದು ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟಿನ ನೀರು ನಿಂತಿತು. ಆದರೆ ಕಾಡಂಚಿನ ಹಳ್ಳಿಗಳಲ್ಲಿ ಆನೆ ಯಾವ ಹೊತ್ತಿಗೆ ಹೊಲಕ್ಕಿಳಿಯುತ್ತದೆಂದು ನಿಮಗೆ ಗೊತ್ತು, ಬಂದವರಿಗೆ ಗೊತ್ತಿಲ್ಲ. ಕಾಡಿನೊಳಗೆ ಕಾಲುನಡೆಗೆ, ಬೈಸಿಕಲ್ಲಿಗೆ ಎಡೆಯಿಲ್ಲ. ಮಾನಂದವಾಡಿಗೆ ಹೋಗುವ ಕಾಡುರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮುಂಜಾನೆ ಕತ್ತಲಲ್ಲಿ ಹೊರಟವನನ್ನು ಕಂಡರೆ ಕೂರಿಸಿ ಕಾಪಿ ಕೊಟ್ಟು ಬಿಸಿಲೇರಿದ ಮೇಲೆ ಕಳಿಸಿ.

ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿ ದೂರ ನಡೆಯುವವರಿಗಾಗಿ 1947ರಿಂದ ದಾರಿ ಗುರುತು ಮಾಡುತ್ತ ಬಂದಿದ್ದಾರೆ. ಮರದ ಮೇಲೆ, ಕಂಬದ ಮೇಲೆ, ಬಂಡೆಯ ಮೇಲೆ ಒಂದು ಬಿಳಿ ಪಟ್ಟೆ, ಅದರ ಕೆಳಗೆ ಒಂದು ಕೆಂಪು ಪಟ್ಟೆ, ಅಷ್ಟೇ. ಖರ್ಚು ಸ್ವಲ್ಪ ಬಣ್ಣ. ಅದನ್ನು ನೋಡಿಕೊಂಡು ಅಪರಿಚಿತನೂ ಊರಿಂದೂರಿಗೆ ಹೋಗುತ್ತಾನೆ, ಬೆಳೆ ತುಳಿಯುವುದಿಲ್ಲ. ನಮ್ಮಲ್ಲಿ ಬಂಡಿಜಾಡು, ಕಾಲುವೆ ಏರಿ, ಕೆರೆ ಏರಿ ಎಲ್ಲ ಇವೆ. ಯಾವುದು ಊರೊಟ್ಟಿನ ದಾರಿ, ಯಾವುದು ಒಬ್ಬರ ಬದು ಎಂಬುದನ್ನು ಪಂಚಾಯತಿಯಲ್ಲಿ ಕೂತು ತೀರ್ಮಾನಿಸಿ ಗುರುತು ಹಾಕಿದರೆ ಜಗಳ ಕಡಿಮೆ. ವೀರಗಲ್ಲಿಗೆ ಮಾತ್ರ ಬಣ್ಣ ಹಚ್ಚಕೂಡದು.

ಇದರಿಂದ ಕೈತುಂಬ ಹಣ ಬರುತ್ತದೆಂದು ನಾನು ಹೇಳಲಾರೆ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮಜ್ಜಿಗೆ, ಎಳನೀರು, ಇಷ್ಟಕ್ಕೆ ನ್ಯಾಯವಾದ ಬೆಲೆ ಕೇಳಲು ನಾಚಿಕೆ ಬೇಡ. ಬೇಯಿಸುವವಳು ಮನೆಯ ಹೆಂಗಸಾದರೆ ದುಡ್ಡು ಅವಳ ಕೈಗೇ ಹೋಗಲಿ. ಒಂದು ವೇಳೆ ರಾತ್ರಿ ತಂಗುವವರಿಗೆ ಕೊಠಡಿ ಕೊಡಬೇಕೆಂದಿದ್ದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸಿ ನೋಂದಾಯಿಸಿಕೊಂಡೇ ಶುರುಮಾಡಿ.

ಕಲ್ಲಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಉಳುವಾಗ ಕೆತ್ತನೆಯ ಕಲ್ಲು ತಗುಲಿದರೆ ಟ್ರ್ಯಾಕ್ಟರು ನಿಲ್ಲಿಸಿ, ಸುತ್ತ ನಾಲ್ಕು ಅಡಿ ಬಿಟ್ಟು ಉತ್ತುಕೊಳ್ಳಿ. ಜೆಸಿಬಿ ತರಬೇಡಿ. ಉಳಿ, ಆಸಿಡ್ಡು, ಎಣ್ಣೆ ಏನೂ ಬೇಡ. ಬರೀ ನೀರು, ತೆಂಗಿನ ನಾರು ಸಾಕು. ಅಕ್ಷರ ಕಾಣದಿದ್ದರೆ ಸಂಜೆಯ ಓರೆಬಿಸಿಲಲ್ಲಿ ನೋಡಿ, ತಾವಾಗಿ ಎದ್ದು ಕಾಣುತ್ತವೆ. ಕಲ್ಲಿನ ಕೆಳಗೆ ಹೊನ್ನಿದೆಯೆಂದು ರಾತ್ರಿ ಅಗೆಯುವವರು ಬಂದರೆ ಪೊಲೀಸರಿಗೆ ತಿಳಿಸಿ. ನಾಣ್ಯ, ಒಡವೆ ಸಿಕ್ಕಿದರೆ ಬಚ್ಚಿಡುವಂತಿಲ್ಲ, 1962ರ ನಿಧಿ ಕಾಯಿದೆಯ ಪ್ರಕಾರ ಸರ್ಕಾರಕ್ಕೆ ತಿಳಿಸತಕ್ಕದ್ದು. ರಾಜ್ಯದ ಪುರಾತತ್ವ ಇಲಾಖೆ ನಮ್ಮ ಮೈಸೂರಿನಲ್ಲೇ ಇದೆ. ಒಂದು ಕಾಗದದಲ್ಲಿ ಊರಿನ ಹೆಸರು, ಸರ್ವೆ ನಂಬರು, ಕಲ್ಲಿನ ಉದ್ದಗಲ, ಎಷ್ಟು ಸಾಲು ಬರಹ, ಇಷ್ಟು ಬರೆದು ಒಂದು ಫೋಟೋ ಲಗತ್ತಿಸಿ ಕಳಿಸಿ. ಬರೆಯಲು ಬಾರದವರು ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಂದಾಗ ನಮ್ಮಂಥವರನ್ನು ಕೇಳಿ, ಬರೆದುಕೊಡುತ್ತೇವೆ.

ಆ ಹಳ್ಳಿಯ ಕಲ್ಲು ಈಗ ಬದುವಿನ ಮೇಲೆ ನಿಂತಿದೆ. ಅಜ್ಜಿ ಸೋಮವಾರ ಸೋಮವಾರ ಒಂದು ಹೂ ಇಟ್ಟು ಬರುತ್ತಾಳಂತೆ. ಕಾಲುವೆ ದಾಟಲು ಬೇರೆ ಚಪ್ಪಡಿ ಹಾಕಿದ್ದಾರೆ. ಹಾಕುವ ಮುಂಚೆ ಎರಡೂ ಮಗ್ಗುಲು ತಿರುಗಿಸಿ ನೋಡಿದೆವು.