ಹೊಣೆಗೆ ಮುನ್ನ ಕಲಿಕೆ: ಮಲೆನಾಡಿನ ಮುಖ್ಯಶಿಕ್ಷಕರು

ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ರಾಂಶುಪಾಲರಾಗಬಯಸುವ ಶಿಕ್ಷಕರು ಇಂಟರ್ನ್‌ಶಿಪ್ ಮುಗಿಸಿ, ಅಂದರೆ ಅನುಭವಿ ಪ್ರಾಂಶುಪಾಲರ ಜೊತೆಗಿದ್ದು ಆಡಳಿತದ ಕೆಲಸ ಕಲಿತು, ಆ ಬಳಿಕವೇ ಪ್ರಮಾಣಪತ್ರ ಪಡೆಯುತ್ತಾರೆ. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮುಖ್ಯಶಿಕ್ಷಕರ ಹುದ್ದೆ ಬಹುಮಟ್ಟಿಗೆ ಸೇವಾ ಹಿರಿತನದ ಬಡ್ತಿಯಿಂದ ದೊರೆಯುವುದರಿಂದ, ಈ ಕಲಿಕೆ ಹೊಣೆ ಹೊತ್ತ ಮೇಲೆಯೇ ಆರಂಭವಾಗುತ್ತದೆ.

ಎಲ್ಲ ಶಾಲೆಗೂ ಈ ಹುದ್ದೆ ಕಡ್ಡಾಯವೂ ಅಲ್ಲ: 2009ರ ಶಿಕ್ಷಣ ಹಕ್ಕು ಕಾಯ್ದೆಯು ಕಿರಿಯ ಪ್ರಾಥಮಿಕ ಹಂತದಲ್ಲಿ 150ಕ್ಕಿಂತ, ಹಿರಿಯ ಪ್ರಾಥಮಿಕ ಹಂತದಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಪೂರ್ಣಾವಧಿ ಮುಖ್ಯಶಿಕ್ಷಕರನ್ನು ವಿಧಿಸುತ್ತದೆ. ಮಲೆನಾಡಿನ ಮೂಡಿಗೆರೆ, ಕಳಸದ ಕಾಫಿ ತೋಟಗಳ ನಡುವಿನ ಸಣ್ಣ ಶಾಲೆಗಳು ಈ ಸಂಖ್ಯೆಯನ್ನು ಮುಟ್ಟುವುದು ಕಷ್ಟವಾದ್ದರಿಂದ, ಅಲ್ಲಿ ತರಗತಿ ನಡೆಸುವ ಶಿಕ್ಷಕರೇ ಪ್ರಭಾರ ವಹಿಸಿಕೊಂಡು, ಬಿಸಿಯೂಟದ ಅಕ್ಕಿ ಬೇಳೆಯನ್ನು ದಾಸ್ತಾನು ವಹಿಯೊಂದಿಗೆ ತಾಳೆ ನೋಡಿ, ಪೋಷಕರನ್ನೊಳಗೊಂಡ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಸಭೆ ಕರೆದು ನಡವಳಿ ಬರೆಯಬೇಕಾಗುತ್ತದೆ. ಜೊತೆಗೆ ಮಳೆ ರಜೆಯಲ್ಲಿ ಕಳೆದುಹೋದ ಪಾಠಗಳನ್ನು ಸರಿದೂಗಿಸಬೇಕು, ಕೊಯ್ಲಿನ ಕಾಲಕ್ಕೆ ತೋಟಕ್ಕೆ ಬರುವ ವಲಸೆ ಕಾರ್ಮಿಕರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕು.

ಇವೆಲ್ಲವೂ ಕೈಯಾರೆ ಮಾಡಿ ಕಲಿಯುವ ಕೆಲಸಗಳು. ಅವನ್ನು ಕಲಿಸಲು ಚೌಕಟ್ಟು ಈಗಾಗಲೇ ಇದೆ: ನವದೆಹಲಿಯ ನೀಪಾದ, ಅಂದರೆ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯ, ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರವು ಮುಖ್ಯಸ್ಥರಿಗಾಗಿ ಪಠ್ಯಕ್ರಮ ರೂಪಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರಿಗೂ ಮುಖ್ಯಸ್ಥರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿಯನ್ನು ಸೂಚಿಸುತ್ತದೆ. ಆ ಗಂಟೆಗಳಲ್ಲಿ ಒಂದಷ್ಟನ್ನಾದರೂ, ಬಡ್ತಿಗೆ ಮೊದಲೇ, ದಾಖಲಾತಿಯೂ ಮಳೆಯೂ ಒಟ್ಟಿಗೆ ಬರುವ ಜೂನ್ ತಿಂಗಳಲ್ಲಿ ನೆರೆಯ ಶಾಲೆಯ ನುರಿತ ಮುಖ್ಯಶಿಕ್ಷಕರ ಪಕ್ಕದಲ್ಲಿ ಕಳೆಯುವಂತೆ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಏರ್ಪಾಡು ಮಾಡುವುದು ಅತ್ಯಗತ್ಯ.